ಕಾರ್ಖಾನೆಯ ಭಾಷೆಗೆ ಕನ್ನಡವು ಅಡ್ಡಿಯೆ?

ಸುವರ್ಣ ಮಹೋತ್ಸವದ ಈ ಶುಭ ಸಂದರ್ಭದಲ್ಲಿ ಶಾಲೆಯ ಗತಕಾಲವನ್ನು ಸ್ಮರಿಸಿ ಹರ್ಷಿಸುವುದು ಸಹಜವೇ. ಆದರೆ ಹೊಸೂರು ಸೀಮೆಯ ಕನ್ನಡ ಕುಟುಂಬಗಳನ್ನು ಕಾಡುತ್ತಿರುವ ಪ್ರಶ್ನೆಯೊಂದನ್ನು ಇಲ್ಲಿ ಎತ್ತದೆ ಬಿಟ್ಟರೆ ಕರ್ತವ್ಯಲೋಪವಾದೀತು. “ಕನ್ನಡ ಮಾಧ್ಯಮದಲ್ಲಿ ಓದಿದವನಿಗೆ ಸಿಪ್ಕಾಟ್ ಕಾರ್ಖಾನೆಗಳಲ್ಲಿ ಕೆಲಸ ದೊರೆತೀತೆ?” ಎಂದು ಶಂಕಿಸಿ ತಂದೆತಾಯಿಗಳು ಮಕ್ಕಳನ್ನು ಬೇರೆಡೆಗೆ ಸೇರಿಸುತ್ತಿದ್ದಾರೆ. ಕಾರ್ಖಾನೆಯ ಒಂದು ವಿದ್ಯೆಯನ್ನೇ ಒರೆಗಲ್ಲಾಗಿ ಇರಿಸಿಕೊಂಡು ಈ ಶಂಕೆಯನ್ನು ಪರೀಕ್ಷಿಸೋಣ.

ಇಂದು ಕಾರ್ಖಾನೆಗಳಲ್ಲಿ ಮೋಟಾರು, ವಾಲ್ವು, ಕನ್ವೇಯರುಗಳನ್ನು ನಡೆಸುವುದು ಪಿ.ಎಲ್.ಸಿ. ಎಂಬ ಪುಟ್ಟ ಗಣಕ. ಹಿಂದೆ ಈ ಕೆಲಸವನ್ನು ರಿಲೇಗಳ ಸಮೂಹ ಮಾಡುತ್ತಿತ್ತು; ಉತ್ಪಾದನೆಯ ಕ್ರಮ ಬದಲಾದರೆ ತಂತಿಗಳನ್ನು ಬಿಚ್ಚಿ ಮತ್ತೆ ಜೋಡಿಸಬೇಕಿತ್ತು. ಆ ತೊಡಕನ್ನು ನೀಗಲು 1968-69ರಲ್ಲಿ ಅಮೆರಿಕದ ಮೋಟಾರು ಉದ್ಯಮಕ್ಕಾಗಿ ಈ ಸಾಧನ ರೂಪುಗೊಂಡಿತು. ಅದಕ್ಕೆ ಆಜ್ಞೆ ಬರೆಯುವ ಭಾಷೆಗಳನ್ನು 1993ರಲ್ಲಿ ಅಂತರರಾಷ್ಟ್ರೀಯ ಮಾನಕವೊಂದು ನಿಗದಿಪಡಿಸಿತು. ಅವುಗಳಲ್ಲಿ ‘ಲ್ಯಾಡರ್’ ಎಂಬುದು ಏಣಿಯಂತಹ ಚಿತ್ರ. ‘ಸ್ಟ್ರಕ್ಚರ್ಡ್ ಟೆಕ್ಸ್ಟ್’ ಎಂಬುದು ವಾಕ್ಯರೂಪದ ಬರಹ.

ನೀರಿನ ಟ್ಯಾಂಕಿನ ಉದಾಹರಣೆಯನ್ನು ನೋಡಿ. ‘ನೀರು ಕೆಳಗುರುತಿಗಿಂತ ಇಳಿದರೆ ಪಂಪು ಓಡಲಿ, ಮೇಲ್ಗುರುತನ್ನು ಮುಟ್ಟಿದರೆ ನಿಲ್ಲಲಿ.’ ಇದನ್ನೇ ‘ಇಫ್’, ‘ದೆನ್’, ‘ಎಂಡ್ ಇಫ್’ ಎಂಬ ಪದಗಳಿಂದ ಎರಡು ವಾಕ್ಯಗಳಾಗಿ ಬರೆದು, ಪ್ರತಿ ಆಜ್ಞೆಯ ಕೊನೆಗೆ ಅರ್ಧವಿರಾಮ ಇಡಬೇಕು. ಪಂಪಿಗೆ ಹೊಸ ಸ್ಥಿತಿಯನ್ನು ಕೊಡುವಾಗ ಸಮಚಿಹ್ನೆಯ ಹಿಂದೆ ಎರಡು ಚುಕ್ಕಿ ಬರುತ್ತವೆ. ಬರಿಯ ಸಮಚಿಹ್ನೆಯಾದರೋ ‘ಸಮವೆ?’ ಎಂದು ಕೇಳುತ್ತದೆ. ಕೊಡುವುದಕ್ಕೂ ಕೇಳುವುದಕ್ಕೂ ಅಷ್ಟು ಭೇದ!

ಪಿ.ಎಲ್.ಸಿ.ಯು ಮೊದಲು ಗುಂಡಿ, ಸೆನ್ಸರುಗಳ ಸ್ಥಿತಿಯನ್ನು ಓದಿಕೊಳ್ಳುತ್ತದೆ; ಆಜ್ಞೆಗಳನ್ನು ಮೇಲಿನಿಂದ ಕೆಳಕ್ಕೆ ನಡೆಸುತ್ತದೆ; ಬಳಿಕ ಫಲವನ್ನು ಮೋಟಾರಿಗೆ ತಲಪಿಸುತ್ತದೆ. ಸೆಕೆಂಡಿನ ಅಲ್ಪಭಾಗದಲ್ಲಿ ಮುಗಿಯುವ ಈ ಸುತ್ತು ಎಡೆಬಿಡದೆ ಸಾಗುತ್ತಿರುತ್ತದೆ. ನೀರು ಎರಡು ಗುರುತುಗಳ ನಡುವೆ ಇದ್ದಾಗ ಏನಾಗುತ್ತದೆ? ಯಾವ ಆಜ್ಞೆಯೂ ಅನ್ವಯಿಸದ ಕಾರಣ ಪಂಪು ಹಿಂದಿನ ಸ್ಥಿತಿಯಲ್ಲೇ ಉಳಿಯುತ್ತದೆ. ಮೊದಲ ವಾಕ್ಯಕ್ಕೆ ಅವಸರದಿಂದ ‘ಎಲ್ಸ್’ ಸೇರಿಸಿ, ‘ಇಲ್ಲದಿದ್ದರೆ ನಿಲ್ಲಲಿ’ ಎಂದು ಬರೆದರೆ, ನೀರು ಕೆಳಗುರುತನ್ನು ದಾಟಿದೊಡನೆ ಪಂಪು ನಿಂತು ಟ್ಯಾಂಕು ಎಂದಿಗೂ ತುಂಬದು. ಒಂದೇ ಸುತ್ತಿನಲ್ಲಿ ಪಂಪಿಗೆ ಎರಡು ವಿರುದ್ಧ ಆಜ್ಞೆಗಳು ಬಂದರೆ ಕೊನೆಯದೇ ಉಳಿಯುತ್ತದೆ. ಆದುದರಿಂದ ನಿಲ್ಲಿಸುವ ಆಜ್ಞೆಯನ್ನು ಕೊನೆಗೆ ಬರೆಯುವುದು ವಿವೇಕ. ಪ್ರಾಣರಕ್ಷಣೆಯ ತುರ್ತು ಗುಂಡಿಗಂತೂ ಈ ಬರಹವೊಂದೇ ಸಾಲದು. ಪ್ರತ್ಯೇಕ ಸುರಕ್ಷಾ ವ್ಯವಸ್ಥೆ ಬೇಕು.

ಇಲ್ಲಿ ಕಠಿಣವಾದುದು ಯಾವುದು? ‘ಎಲ್ಸ್’ ಎಂಬ ಪದವೆ? ಖಂಡಿತ ಅಲ್ಲ. ‘ಇಲ್ಲದಿದ್ದರೆ’ ಎಂದಾಗ ಯಾವ ಯಾವ ಸಂದರ್ಭಗಳು ಅದರೊಳಗೆ ಬಂದುಬಿಡುತ್ತವೆ ಎಂದು ಮುಂದಾಲೋಚಿಸುವುದು ಕಠಿಣ. ಆ ಆಲೋಚನೆ ಮನೆಮಾತಿನಲ್ಲಿ ಬಲಿತಷ್ಟು ದೃಢವಾಗಿ ಅರೆತಿಳಿದ ಭಾಷೆಯಲ್ಲಿ ಬಲಿಯದು. ಪದಗಳನ್ನು ಕೆಲವೇ ವಾರಗಳಲ್ಲಿ ಕಲಿಯಬಹುದು. ತರ್ಕವನ್ನು ಬಾಯಿಪಾಠ ಮಾಡಲು ಬಾರದು.

ಹಾಗೆಂದು ಇಂಗ್ಲಿಷನ್ನು ಕಡೆಗಣಿಸುವುದೂ ಸಲ್ಲದು. ಯಂತ್ರಗಳ ಕೈಪಿಡಿಗಳು ಬಹುಪಾಲು ಆ ಭಾಷೆಯಲ್ಲಿವೆ. ಅದನ್ನು ಚೆನ್ನಾಗಿ ಕಲಿಸದ ಕನ್ನಡ ಶಾಲೆ ಮಕ್ಕಳಿಗೆ ಅನ್ಯಾಯ ಮಾಡಿದಂತೆ. ತಮಿಳುನಾಡಿನ 2006ರ ಕಾಯಿದೆಯು ಒಂದನೆಯ ತರಗತಿಯಿಂದ ಮೊದಲುಗೊಂಡು ತಮಿಳನ್ನು ಹಂತಹಂತವಾಗಿ ಕಡ್ಡಾಯಗೊಳಿಸಿದ ಮೇಲೆ ನಮ್ಮ ಮಕ್ಕಳ ಮೇಲಿನ ಹೊರೆ ಹೆಚ್ಚಿದೆ, ನಿಜ. ಆದರೆ ಮೂರು ಭಾಷೆಗಳ ನಡುವೆ ಬೆಳೆದ ಮಗುವಿಗೆ ಯಂತ್ರದ ಮಿತವಾದ ಭಾಷೆ ಭಯ ಹುಟ್ಟಿಸಬೇಕಿಲ್ಲ.

ಕಾರ್ಖಾನೆಗಳಲ್ಲಿ ದುಡಿಯುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಹಾರತುರಾಯಿಗಳ ಸನ್ಮಾನ ಒಂದು ದಿನದ್ದು. ತಿಂಗಳಿಗೊಂದು ಶನಿವಾರ ಶಾಲೆಗೆ ಬಂದು, ಒಂದು ಟ್ಯಾಂಕು, ಒಂದು ಪಂಪಿನ ಲೆಕ್ಕವನ್ನು ಕರಿಹಲಗೆಯ ಮೇಲೆ ಕನ್ನಡದಲ್ಲಿ ಬಿಡಿಸಿ ತೋರಿಸಿರಿ. ಪಾಲಕರ ಶಂಕೆಗೆ ಅದಕ್ಕಿಂತ ಉತ್ತಮ ಸಮಾಧಾನವಿಲ್ಲ. ಶಾಲೆಯು ಶತಮಾನೋತ್ಸವವನ್ನು ಕಾಣಬೇಕಾದರೆ ತರಗತಿಯಲ್ಲಿ ಮಕ್ಕಳಿರಬೇಕು. ಮಕ್ಕಳಿರಬೇಕಾದರೆ ಪಾಲಕರಲ್ಲಿ ವಿಶ್ವಾಸವಿರಬೇಕು. ಅದನ್ನು ಗಳಿಸಿಕೊಡುವ ಹೊಣೆ ಈಗ ನಿಮ್ಮದು.