ಪರರ ಅಂಗಳದ ಆಟ

ವಿಡಿಯೋ ಗೇಮಿನ ಸ್ಪರ್ಧೆಯನ್ನೇ ಜೀವನೋಪಾಯವಾಗಿ ಮಾಡಿಕೊಳ್ಳುವೆನೆಂದು ಕಾಲೇಜಿನ ತರುಣನೊಬ್ಬನು ಮನೆಯಲ್ಲಿ ಬಾಯಿಬಿಟ್ಟೊಡನೆ, ಮಗನು ಕೆಟ್ಟನೆಂದು ಹಣೆ ಚಚ್ಚಿಕೊಳ್ಳುವ ಹಿರಿಯರು, ಅದೇ ಹುಡುಗನು ಐಪಿಎಲ್ಲಿನ ಯಾವುದಾದರೊಂದು ತಂಡವನ್ನು ಸೇರಿದ್ದರೆ ಬೀದಿಗೆಲ್ಲ ಸಿಹಿ ಹಂಚುತ್ತಿದ್ದರೆಂಬುದನ್ನು ಬಲ್ಲವನಾದುದರಿಂದ, ಆಟವೂ ಒಂದು ಉದ್ಯೋಗವೆ ಎಂಬ ಅವರ ಆಕ್ಷೇಪವನ್ನು ನಾನು ಗಣಿಸಲಾರೆ. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಈ ಸ್ಪರ್ಧೆ, ಎಂದರೆ ಇ-ಸ್ಪೋರ್ಟ್ಸ್, ಕೇವಲ ಪ್ರದರ್ಶನವಾಗಿದ್ದಾಗಲೇ ನಮ್ಮ ತೀರ್ಥ ಮೆಹ್ತಾ ಕಂಚು ಗೆದ್ದರು. 2023ರಲ್ಲಿ ಹಾಂಗ್‌ಝೌನಲ್ಲಿ ಅದು ಪದಕದ ಸ್ಪರ್ಧೆಯೇ ಆಯಿತು. ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿದ 2025ರ ಕಾಯಿದೆಯು ಇದನ್ನು ಕ್ರೀಡೆಯೆಂದೇ ಮಾನ್ಯಮಾಡಿದೆ. ಇಷ್ಟಾದ ಮೇಲೂ ಇದನ್ನು ಇಸ್ಪೀಟಿನ ಸಾಲಿನಲ್ಲಿ ಕೂರಿಸುವುದು ಹಠವೇ ಹೊರತು ವಿವೇಕವಲ್ಲ.

ಆದರೆ ತಂದೆಯ ಒಪ್ಪಿಗೆ, ಸರ್ಕಾರದ ಮನ್ನಣೆ ಇವೆರಡು ದೊರೆತರೆ ದಾರಿ ನಿಷ್ಕಂಟಕವೆಂದು ನಂಬಿರುವ ವಿದ್ಯಾರ್ಥಿಗಳ ಭಾವನೆಯೂ ಅಷ್ಟೇ ಅಪಕ್ವವಾದುದು. ಚೆಂಡು ದಾಂಡುಗಳ ಆಟಕ್ಕೆ ಒಡೆಯನಿಲ್ಲ; ಮಂಡಳಿಗಳು ಜಗಳವಾಡಿ ಬಾಗಿಲು ಹಾಕಿದರೂ (ಹಾಕಿದ ದೇಶಗಳುಂಟು) ಗಲ್ಲಿಯ ಹುಡುಗರು ಸಂಜೆ ಆಡಿಯೇ ಆಡುವರು. ವಿಡಿಯೋ ಗೇಮಾದರೋ ಒಂದು ಕಂಪನಿಯ ಸ್ವತ್ತು, ಪರರ ಅಂಗಳ. ನಿಯಮವೂ ಅವರದು, ಬೀಗದ ಕೈಯೂ ಅವರದು, ಅವರ ಮೇಲೆ ಸರ್ಕಾರದ ಆಜ್ಞೆ ಬೇರೆ. ಪಬ್‌ಜಿ ಎಂಬ ಮೊಬೈಲ್ ಆಟವು 2020ರ ಸೆಪ್ಟೆಂಬರಿನಲ್ಲಿ ನಿಷಿದ್ಧವಾಯಿತು; ಬಿಜಿಎಂಐ ಎಂಬ ಹೆಸರಿನಿಂದ ಮರುವರ್ಷ ಬಂದುದು 2022ರ ಜುಲೈಯಲ್ಲಿ ಆಪ್ ಅಂಗಡಿಗಳಿಂದ ಮತ್ತೆ ಕಣ್ಮರೆಯಾಗಿ 2023ರ ಮೇ ತಿಂಗಳಲ್ಲಿ ಮರಳಿತು. ಇ-ಸ್ಪೋರ್ಟ್ಸಿಗೆ ಕೇಂದ್ರ ಸರ್ಕಾರವು ಕ್ರೀಡೆಯ ಸ್ಥಾನವನ್ನಿತ್ತುದು 2022ರ ಡಿಸೆಂಬರಿನಲ್ಲಿ, ಎಂದರೆ ನಮ್ಮ ಹುಡುಗರಲ್ಲಿ ಬಹುಮಂದಿ ಆಡುತ್ತಿದ್ದ ಆಟವೇ ಅಜ್ಞಾತವಾಸದಲ್ಲಿದ್ದಾಗ! ಆ ಹತ್ತು ತಿಂಗಳು ಅದೊಂದನ್ನೇ ನೆಚ್ಚಿದ್ದ ತಂಡಗಳ ಅನ್ನಕ್ಕೆ ಹೊಣೆ ಯಾರು?

ಬಹುಮಾನದ ಮೊತ್ತವೂ ಒಡೆಯನ ಚಿತ್ತವನ್ನೇ ಅನುಸರಿಸುವುದು. ಡೋಟಾ 2 ಎಂಬ ವಿಡಿಯೋ ಗೇಮಿನ ‘ದಿ ಇಂಟರ್‌ನ್ಯಾಷನಲ್’ ಪಂದ್ಯಾವಳಿಯಲ್ಲಿ 2021ರಲ್ಲಿ ನಾಲ್ಕು ಕೋಟಿ ಡಾಲರಿದ್ದ ನಿಧಿಯು, ಆ ಆಟದ ಒಡೆಯನಾದ ವಾಲ್ವ್ ಕಂಪನಿಯು ಹಣ ಕೂಡಿಸುವ ಕ್ರಮವನ್ನೇ ಬದಲಿಸಿದ 2023ರಲ್ಲಿ ಸುಮಾರು ಮೂವತ್ತೆರಡು ಲಕ್ಷಕ್ಕೆ ಇಳಿಯಿತು. ಆಟಗಾರರ ಕೈಚಳಕವೇನೂ ಕುಗ್ಗಿರಲಿಲ್ಲ.

ಆದುದರಿಂದ ತರುಣರು ಕೇಳಬೇಕಾದುದು ಮೆಚ್ಚುಗೆಯನ್ನಲ್ಲ, ಕರಾರನ್ನು: ಆಟ ನಿಂತರೆ ಸಂಬಳವೆಷ್ಟು ದಿನ, ಬಹುಮಾನದಲ್ಲಿ ಪಾಲೆಷ್ಟು, ತಂಡವನ್ನು ಬಿಡುವ ಸ್ವಾತಂತ್ರ್ಯವುಂಟೆ. ಇದರಲ್ಲಿ ವಿದ್ಯಾಲಯಗಳ ಪಾತ್ರವಂತೂ ನಾಚಿಕೆಗೇಡು. ಫೆಸ್ಟುಗಳಲ್ಲಿ ಗೇಮಿಂಗ್ ಸ್ಪರ್ಧೆಯನ್ನೇರ್ಪಡಿಸಿ ಪ್ರಾಯೋಜಕರ ಹಣವನ್ನು ಎಣಿಸಿಕೊಳ್ಳುವ ಕಾಲೇಜುಗಳು, ಗೆದ್ದ ಹುಡುಗನ ಮುಂದೆ ತಂಡದವರು ಹಿಡಿಯುವ ಒಪ್ಪಂದಪತ್ರವನ್ನು ಓದಿ ಅರ್ಥ ಹೇಳಲು ಕಾನೂನು ಬಲ್ಲ ಅಧ್ಯಾಪಕರೊಬ್ಬರನ್ನು ಅವನ ಪಕ್ಕದಲ್ಲಿ ಕೂರಿಸಿದುದನ್ನು ನಾನಿನ್ನೂ ಕಂಡಿಲ್ಲ.