ಕದನವಿರಾಮವನ್ನು ಕಾಯುವವರು ಯಾರು?

ನವೆಂಬರು ಹತ್ತಿರ ಬಂತೆಂದರೆ ನಮ್ಮ ಸದಸ್ಯರು ಸಂಘದ ಕಚೇರಿಗೆ ಬಂದು ಕೇಳುವ ಪ್ರಶ್ನೆ ಒಂದೇ: "ಈ ಸಲ ಊರಿಗೆ ಬಸ್ಸಿನಲ್ಲಿ ಹೋಗಬಹುದೆ, ಅಥವಾ ರೈಲೇ ಮೇಲೆ?" ಪ್ರಶ್ನೆ ಸಣ್ಣದು, ಅದರ ಹಿಂದಿರುವ ಭಯ ಸಣ್ಣದಲ್ಲ. ನವೆಂಬರ್ 1ರಂದು ಬೆಳಗಾವಿಯ ಒಂದು ಬೀದಿಯಲ್ಲಿ ರಾಜ್ಯೋತ್ಸವದ ಮೆರವಣಿಗೆ ನಡೆದರೆ ಇನ್ನೊಂದು ಬೀದಿಯಲ್ಲಿ ಕರಾಳ ದಿನದ ಮೆರವಣಿಗೆ. ಡಿಸೆಂಬರಿನಲ್ಲಿ ಅಲ್ಲಿಯ ಸುವರ್ಣಸೌಧದಲ್ಲಿ ಅಧಿವೇಶನ ಕೂಡಿದರೆ ಭಾಷಣಗಳ ಬಿಸಿ ಮತ್ತಷ್ಟು. ಅಲ್ಲಿ ಬೆಂಕಿ ಹೊತ್ತಿದರೆ ಹೊಗೆ ಕಾಣಿಸುವುದು ಪುಣೆಯ ಸ್ವಾರಗೇಟಿನಲ್ಲಿ. ಆ ಹೊಗೆ ಕುಡಿಯುವವರು ಭಾಷಣ ಮಾಡಿದವರಲ್ಲ, ಟಿಕೆಟು ಕೈಯಲ್ಲಿ ಹಿಡಿದು ಗಂಟುಮೂಟೆಯ ಮೇಲೆ ಕೂತ ನಾವು.

ಈ ವಿವಾದದಲ್ಲಿ ಒಂದು ಕದನವಿರಾಮ ಆಗಿದೆ ಎಂಬುದು ನಮ್ಮಲ್ಲಿ ಅನೇಕರಿಗೆ ಮರೆತೇ ಹೋಗಿದೆ. 2022ರ ಡಿಸೆಂಬರ್ 14ರಂದು ದಿಲ್ಲಿಯಲ್ಲಿ ಕೇಂದ್ರದ ಗೃಹಮಂತ್ರಿ ಅಮಿತ್ ಶಾ ಅವರು ಅಂದಿನ ಇಬ್ಬರು ಮುಖ್ಯಮಂತ್ರಿಗಳಾದ ಬಸವರಾಜ ಬೊಮ್ಮಾಯಿ ಮತ್ತು ಏಕನಾಥ ಶಿಂದೆ ಅವರನ್ನು ಎದುರುಬದುರು ಕೂರಿಸಿದರು. ಸುಪ್ರೀಂ ಕೋರ್ಟು ತೀರ್ಪು ಕೊಡುವವರೆಗೆ ಯಾವ ರಾಜ್ಯವೂ ಇನ್ನೊಂದರ ನೆಲದ ಮೇಲೆ ಹಕ್ಕು ಸಾರತಕ್ಕದ್ದಲ್ಲ. ಪ್ರತಿ ರಾಜ್ಯದ ಮೂವರಂತೆ ಆರು ಮಂತ್ರಿಗಳು ಕೂಡಿ ಮಾತಾಡತಕ್ಕದ್ದು. ಹಿರಿಯ ಪೋಲೀಸ್ ಅಧಿಕಾರಿಯೊಬ್ಬರ ಸಮಿತಿಯೊಂದು ಶಾಂತಿ ಪಾಲನೆಯನ್ನು ನೋಡಿಕೊಳ್ಳತಕ್ಕದ್ದು. ಬೇರೆ ಭಾಷೆಯವರಿಗೂ, ಪ್ರಯಾಣಿಕರಿಗೂ, ವ್ಯಾಪಾರಿಗಳಿಗೂ ಉಪದ್ರವ ಆಗಕೂಡದು. ಇವು ಅಲ್ಲಿ ಒಪ್ಪಿದ ಮಾತುಗಳು. ಒಳ್ಳೆಯ ಮಾತುಗಳೆಂದೇ ನಾವು ಇಂದಿಗೂ ಹೇಳುತ್ತೇವೆ.

ಆದರೆ ಆದದ್ದೇನು? ಎಂಟನೆಯ ದಿನ, ಡಿಸೆಂಬರ್ 22ರಂದು, ಒಂದಿಂಚು ನೆಲವನ್ನೂ ಕೊಡೆವೆಂದು ಕರ್ನಾಟಕದ ವಿಧಾನ ಮಂಡಲ ನಿರ್ಣಯ ಮಾಡಿತು. ಹದಿಮೂರನೆಯ ದಿನ, ಡಿಸೆಂಬರ್ 27ರಂದು, ಬೆಳಗಾವಿ, ಕಾರವಾರ, ನಿಪ್ಪಾಣಿ, ಬೀದರ, ಭಾಲ್ಕಿ ನಗರಗಳೂ 865 ಹಳ್ಳಿಗಳೂ ತಮ್ಮವೇ ಎಂದು ಮಹಾರಾಷ್ಟ್ರದ ವಿಧಾನ ಮಂಡಲ ನಿರ್ಣಯ ಮಾಡಿತು. ಎರಡು ಕಡೆಯೂ ಪಕ್ಷಭೇದವಿಲ್ಲದೆ ಕೈ ಎತ್ತಿದರು. ಬೆಲೆ ಏರಿದಾಗ, ಕೂಲಿ ಇಳಿದಾಗ ಇಷ್ಟು ಒಗ್ಗಟ್ಟಿನಿಂದ ಕೈ ಎತ್ತಿದ್ದನ್ನು ನಾವು ಕಂಡಿಲ್ಲ. ಇಬ್ಬರಲ್ಲಿ ಮೊದಲು ಕೈ ಎತ್ತಿದವರು ನಮ್ಮ ಕಡೆಯವರು ಎಂಬುದನ್ನೂ ನಾವು ಮುಚ್ಚಿಡಬಾರದು.

ಗಡಿಯ ತಕರಾರಿಗೆ ಕದನವಿರಾಮವೆಂಬ ದೊಡ್ಡ ಮಾತೇಕೆ, ಅಲ್ಲೇನು ಗುಂಡು ಹಾರುತ್ತಿದೆಯೆ ಎಂದು ಯುವಕರು ಕೇಳಬಹುದು. ಗುಂಡು ಹಾರಿದ್ದುಂಟು. 1969ರ ಫೆಬ್ರುವರಿಯಲ್ಲಿ ಈ ಪ್ರಶ್ನೆಯ ಮೇಲೆಯೇ ಮುಂಬಯಿ ಹೊತ್ತಿ ಉರಿಯಿತು, ಐವತ್ತಕ್ಕೂ ಹೆಚ್ಚು ಜೀವಗಳು ಹೋದವು. ಆ ದಶಕದಲ್ಲಿ ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದಾಗ ಒಳಗೆ ಮೇಜಿನ ಕೆಳಗೆ ಅಡಗಿದವರು ಮಾಣಿಗಳು, ಕ್ಲೀನರು ಹುಡುಗರು. 1986ರ ಜೂನಿನಲ್ಲಿ ಬೆಳಗಾವಿಯಲ್ಲಿ ಮರಾಠಿ ಭಾಷಿಕರ ಚಳವಳಿಯ ಮೇಲೆ ಗೋಲಿಬಾರಾಗಿ ಜನ ಸತ್ತರು. ಸತ್ತವರಿಗೆ ಯಾವ ರಾಜ್ಯದ ನೆಲವಾದರೇನು?

1956ರ ನವೆಂಬರ್ 1ರಂದು ಹುಟ್ಟಿದ ಈ ಜಗಳದಲ್ಲಿ ಪ್ರತಿ ತಲೆಮಾರಿಗೂ ಒಂದೊಂದು ಆಸೆ ತೋರಿಸಲಾಯಿತು. 1960ರಲ್ಲಿ ನಾಲ್ವರ ಸಮಿತಿಯಾಯಿತು, ನಾಲ್ವರೂ ಒಮ್ಮತಕ್ಕೆ ಬರಲಿಲ್ಲ. 1966ರಲ್ಲಿ ಸೇನಾಪತಿ ಬಾಪಟರು ಉಪವಾಸ ಕೂತರು. ಅವರ ಹೆಸರಿನ ರಸ್ತೆಯಲ್ಲಿ ನಮ್ಮವರೆಷ್ಟೋ ಜನ ಇಂದು ಇಡ್ಲಿ ಬಡಿಸುತ್ತಾರೆ. ಅದೇ ವರ್ಷ ಅಕ್ಟೋಬರಿನಲ್ಲಿ ನಿವೃತ್ತ ನ್ಯಾಯಾಧೀಶ ಮೆಹರ್‌ಚಂದ್ ಮಹಾಜನರ ಆಯೋಗ ನೇಮಕವಾಯಿತು. 1967ರ ವರದಿಯಲ್ಲಿ ಅವರು 264 ಹಳ್ಳಿಗಳನ್ನು ಮಹಾರಾಷ್ಟ್ರಕ್ಕೂ, 247 ಹಳ್ಳಿಗಳನ್ನು ಅಂದಿನ ಮೈಸೂರು ರಾಜ್ಯಕ್ಕೂ ಕೊಡಬೇಕೆಂದರು. ಬೆಳಗಾವಿ ಇದ್ದಲ್ಲಿಯೇ ಇರಲಿ ಎಂದರು. ಆಯೋಗ ಬೇಕೆಂದವರು ವರದಿಯನ್ನು ಒಪ್ಪಲಿಲ್ಲ, ವರದಿಯೇ ಅಂತಿಮವೆಂದವರು ಅದನ್ನು ಜಾರಿಗೆ ತರಿಸಲಿಲ್ಲ. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಎಲ್ಲೆ ಬದಲಿಸುವುದು ಪಾರ್ಲಿಮೆಂಟಿನ ಅಧಿಕಾರ, ಕೋರ್ಟಿನದಲ್ಲವೆಂದು ಕರ್ನಾಟಕ ವಾದಿಸಿತು. ಇಪ್ಪತ್ತು ವರ್ಷ ಕಳೆದರೂ ತೀರ್ಪು ಬರಲಿಲ್ಲ. ದಾವೆ ಹೂಡಿದ ವರ್ಷ ಹುಟ್ಟಿದ ಕೂಸು ಇಂದು ಪುಣೆಯ ಯಾವುದೋ ಅಡಿಗೆಮನೆಯಲ್ಲಿ ದೋಸೆ ಹುಯ್ಯುತ್ತಿದ್ದಾನೆ.

ಹೀಗಿರುವಾಗ ಕದನವಿರಾಮವನ್ನು ನಂಬಬೇಕೆ ಎಂದು ಜನ ಶಂಕಿಸಿದರೆ ತಪ್ಪೇನು? ಚುನಾವಣೆ ಬಂದಾಗ ಮತ್ತೆ ಕೆದಕುವರೆಂದು ಒಬ್ಬರ ಶಂಕೆ. ತೀರ್ಪು ಬಂದರೂ ಸೋತವರು ಸುಮ್ಮನಿರರೆಂದು ಇನ್ನೊಬ್ಬರದು. ಶಂಕೆಗಳೆಲ್ಲ ನಿಜವೇ. ಆದರೂ ಮಗಳನ್ನು ನಿಪ್ಪಾಣಿಗೆ ಕೊಟ್ಟ ಕೊಲ್ಹಾಪುರದ ತಾಯಿ, ತಿಂಗಳ ಕೊನೆಗೆ ವಿಜಯಪುರಕ್ಕೆ ಹಣ ಒಯ್ಯುವ ಗೌಂಡಿ, ಇವರಿಗೆ ಆಸೆ ಇಟ್ಟುಕೊಳ್ಳದೆ ಗತಿಯಿಲ್ಲ. ದಾರಿ ತೆರೆದಿದ್ದರೇ ಅವರ ಬದುಕು.

ದಾರಿ ಮುಚ್ಚಿದ್ದನ್ನೂ ನಾವು ನೋಡಿದ್ದೇವೆ. ದಿಲ್ಲಿಯ ಒಪ್ಪಂದಕ್ಕೆ ಎಂಟು ದಿನ ಮೊದಲು, 2022ರ ಡಿಸೆಂಬರ್ 6ರಂದು, ಬೆಳಗಾವಿ ಬಳಿಯ ಹಿರೇಬಾಗೇವಾಡಿಯಲ್ಲಿ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಹೊಡೆದರು. ಇಲ್ಲಿ ಸ್ವಾರಗೇಟಿನಲ್ಲಿ ಕರ್ನಾಟಕದ ಬಸ್ಸುಗಳಿಗೆ ಬಣ್ಣ ಬಳಿದರು. ಒಪ್ಪಂದವಾದ ಮೇಲಾದರೂ ನಿಂತಿತೆ? 2025ರ ಫೆಬ್ರುವರಿ 21ರಂದು ಬೆಳಗಾವಿಯ ಹತ್ತಿರ, ಮರಾಠಿ ಬಾರದೆಂದುದಕ್ಕೆ ತನ್ನನ್ನು ಹೊಡೆದರೆಂದು ಕರ್ನಾಟಕದ ಬಸ್ಸಿನ ಕಂಡಕ್ಟರೊಬ್ಬರು ದೂರು ಕೊಟ್ಟರು. ಅದೇ ರಾತ್ರಿ ಚಿತ್ರದುರ್ಗದಲ್ಲಿ ಮಹಾರಾಷ್ಟ್ರದ ಬಸ್ಸನ್ನು ತಡೆದು ಡ್ರೈವರನ ಮುಖಕ್ಕೆ ಮಸಿ ಬಳಿದರು. ಪುಣೆಯಲ್ಲಿ ಮತ್ತೆ ಕರ್ನಾಟಕದ ಬಸ್ಸುಗಳಿಗೆ ಮಸಿ. ಎರಡು ರಾಜ್ಯಗಳ ನಡುವೆ ಬಸ್ಸುಗಳು ಕೆಲವು ದಿನ ನಿಂತುಹೋದವು.

ಇಲ್ಲಿ ಸ್ವಲ್ಪ ನಿಂತು ಯೋಚಿಸಿರಿ. ಏಟು ತಿಂದವರು ಕಂಡಕ್ಟರು, ಮಸಿ ಬಳಿಸಿಕೊಂಡವರು ಡ್ರೈವರು. ಒಬ್ಬರು ಕನ್ನಡದವರು, ಒಬ್ಬರು ಮರಾಠಿಯವರು. ಇಬ್ಬರೂ ಖಾಕಿ ತೊಟ್ಟು, ನಿದ್ದೆಗೆಟ್ಟು, ಪಗಾರಕ್ಕೆ ದುಡಿಯುವವರು. ಗಡಿಯನ್ನು ಗೀಚಿದವರು ಇವರಲ್ಲ, ಅಳಿಸುವ ಶಕ್ತಿಯೂ ಇವರಿಗಿಲ್ಲ. ಆದರೂ ಎರಡು ರಾಜ್ಯಗಳ ಸಿಟ್ಟು ಇಳಿದದ್ದು ಇವರ ಮೈಮೇಲೆ. ಆ ವಾರ ನಮ್ಮ ಸದಸ್ಯರಲ್ಲೊಬ್ಬನ ತಾಯಿ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದಳು. ಅವನು ಮೀರಜಿನ ತನಕ ರೈಲು ಹಿಡಿದು, ಅಲ್ಲಿಂದ ಸಿಕ್ಕಿದ ವಾಹನ ಹಿಡಿದು ಮುಟ್ಟುವಾಗ ಒಂದು ದಿನ ತಡವಾಯಿತು. ತಾಯಿ ಬದುಕಿದಳು. ತಡವಾಗಿ ಮರಳಿದ್ದಕ್ಕೆ ಮಾಲಿಕರು ಹುಡುಗನ ಮೂರು ದಿನದ ಪಗಾರ ಕತ್ತರಿಸಿದರು. ಆ ಮಾಲಿಕರೂ ಕನ್ನಡದವರೇ. ನಾಡಹಬ್ಬಕ್ಕೆ ದೊಡ್ಡ ವರ್ಗಣಿ ಕೊಡುವವರೇ. ಭಾಷೆ ಒಂದಾದ ಮಾತ್ರಕ್ಕೆ ಹಿತ ಒಂದಾಗಲಿಲ್ಲ.

ಕದನವಿರಾಮದ ವಿಷಯದಲ್ಲಿ ನಮ್ಮ ನಾಡಿನ ಹಿರಿಯರೊಬ್ಬರಿಂದ ಕಲಿಯತಕ್ಕದ್ದಿದೆ. ಕೊಡಗಿನ ಜನರಲ್ ತಿಮ್ಮಯ್ಯನವರು 1953ರಲ್ಲಿ ಕೊರಿಯಾಕ್ಕೆ ಹೋದರು. ಅಲ್ಲಿ ಜುಲೈ 27ರಂದು ಯುದ್ಧ ನಿಂತಿತ್ತು, ಆದರೆ ಊರಿಗೆ ಮರಳಲು ಒಪ್ಪದ ಸಾವಿರಾರು ಯುದ್ಧಕೈದಿಗಳ ಪ್ರಶ್ನೆ ಉಳಿದಿತ್ತು. ಎರಡು ಕಡೆಯವರೂ ಒಪ್ಪಿದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ತಿಮ್ಮಯ್ಯನವರು ಅಧ್ಯಕ್ಷರಾದರು. ಭಾರತದ ಸೈನಿಕರು ಆ ಕೈದಿಗಳನ್ನು ಕಾದರು. ಎರಡೂ ಕಡೆಯಿಂದ ಬೈಗಳು ಬಂದವು, ಅವರು ಕದಲಲಿಲ್ಲ. ಅಲ್ಲಿ ಶಾಂತಿಯ ಒಪ್ಪಂದ ಇಂದಿಗೂ ಆಗಿಲ್ಲ, ಆದರೆ ವಿರಾಮ ಉಳಿದಿದೆ. ಮುಂದೆ ಸೈಪ್ರಸಿನಲ್ಲಿ ಗ್ರೀಕರು ತುರ್ಕರ ನಡುವೆ ಶಾಂತಿ ಕಾಯುವ ಪಡೆಯ ನಾಯಕರಾಗಿದ್ದಾಗಲೇ, 1965ರ ಡಿಸೆಂಬರಿನಲ್ಲಿ, ಅವರು ತೀರಿಕೊಂಡರು. ವಿರಾಮವೆಂದರೆ ಶಾಂತಿಯಲ್ಲ, ಶಾಂತಿಗೆ ಬೇಕಾದ ಹೊತ್ತು. ಆ ಹೊತ್ತನ್ನು ಕಾಯಲು ಇಬ್ಬರಿಗೂ ಬೇಕಾದವನೊಬ್ಬ ನಡುವೆ ನಿಲ್ಲಬೇಕು.

ನಮ್ಮ ಗಡಿಯ ವಿರಾಮಕ್ಕೆ ಅಂಥ ಕಾವಲು ಯಾರು? ಮಂತ್ರಿಗಳಲ್ಲ, ಅವರು ಒಂದೊಂದು ಪಕ್ಷದ ವಕೀಲರು. ಎರಡು ಕಡೆಯೂ ಮನೆ ಮಾಡಿ, ಎರಡು ಕಡೆಯ ಅನ್ನವನ್ನೂ ಉಂಡು, ಎರಡು ಭಾಷೆಯಲ್ಲೂ ಸುಖದುಃಖ ಹೇಳಬಲ್ಲವರು ಯಾರೋ ಅವರೇ ಕಾವಲು. ಅಂದರೆ ಪುಣೆಯ ಕನ್ನಡ ದುಡಿಮೆಗಾರರು. ಬೆಳಗಾವಿ, ಹುಬ್ಬಳ್ಳಿಗಳ ಮರಾಠಿ ದುಡಿಮೆಗಾರರು. ನಮ್ಮ ಮಾಣಿ ಗಿರಾಕಿಯೊಡನೆ ಮರಾಠಿಯಲ್ಲಿ ಮಾತಾಡಿ, ಅಡಿಗೆಮನೆಗೆ ಕನ್ನಡದಲ್ಲೋ ತುಳುವಿನಲ್ಲೋ ಕೂಗಿ ಹೇಳುತ್ತಾನೆ. ಆರು ತಿಂಗಳಲ್ಲಿ ಕಲಿತ ಮರಾಠಿ ಅದು. ಹೊಡೆದು ಕಲಿಸಿದ್ದರೆ ಆರು ವರ್ಷವಾದರೂ ಬರುತ್ತಿರಲಿಲ್ಲ. ಈ ಊರು ಗದಗಿನ ಭೀಮಸೇನ ಜೋಶಿಯವರನ್ನು ತನ್ನವರೆಂದೇ ಇಟ್ಟುಕೊಂಡಿತು. ಮನೆಮಾತು ಮರಾಠಿಯಾದ ಬೇಂದ್ರೆಯವರು ಇಲ್ಲಿಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ ಕನ್ನಡದ ವರಕವಿಯಾದರು. ಪಂಢರಾಪುರದ ವಿಠ್ಠಲನನ್ನು ಆಳಂದಿಯ ಜ್ಞಾನೇಶ್ವರರು ಕಾನಡಾ ಎಂದೇ ಕರೆದರು. ಆಷಾಢದ ಪಾಲಕಿ ಈ ಊರನ್ನು ಹಾದು ಹೋಗುವಾಗ ವಾರಕರಿಗಳಿಗೆ ಚಹಾ ಕೊಡುವ ನಮ್ಮ ಹುಡುಗರನ್ನು ಯಾರೂ ನೀನು ಯಾವ ರಾಜ್ಯದವನೆಂದು ಕೇಳುವುದಿಲ್ಲ.

ಆದರೆ ಕಾವಲು ನಿಲ್ಲುವವನು ಸತ್ಯವನ್ನೂ ಹೇಳಬೇಕು. ವಿರಾಮವೆಂದರೆ ಬೆಳಗಾವಿ ಈಗಿರುವಂತೆ ಕರ್ನಾಟಕದಲ್ಲೇ ಇರುವುದು. ನಮಗದು ಸಮಾಧಾನ, ಅಲ್ಲಿಯ ಮರಾಠಿ ಭಾಷಿಕನಿಗೆ ಅದು ಕಾಲಹರಣವೆಂದು ತೋರುತ್ತದೆ. ಅತ್ತ ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಕನ್ನಡಿಗನಿಗೂ ಹಾಗೆಯೇ. ಜತ್ತ ತಾಲೂಕಿನ ಹಳ್ಳಿಗಳು 2012ರಲ್ಲಿ ಕರ್ನಾಟಕಕ್ಕೆ ಸೇರುತ್ತೇವೆಂದು ನಿರ್ಣಯ ಮಾಡಿದ್ದು ಭಾಷೆಯ ಅಭಿಮಾನವೊಂದರಿಂದಲೇ ಅಲ್ಲ, ಕುಡಿಯುವ ನೀರಿಗಾಗಿ. ನೀರು ಕೇಳಿದವರ ಬಾಯಿಗೆ 2022ರಲ್ಲಿ ಎರಡೂ ಕಡೆಯವರು ತುಂಬಿದ್ದು ಘೋಷಣೆ. ಆದ್ದರಿಂದ ನಾವು ಹೇಳುವುದಿಷ್ಟು: ವಿರಾಮದ ಕಾಲದಲ್ಲಿ ನೆಲ ಯಾರ ಕೈಯಲ್ಲಿದೆಯೋ ಹೊಣೆ ಅವರದೇ ಹೆಚ್ಚು. ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣದ ವ್ಯವಸ್ಥೆ ಮಾಡಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಅಕ್ಕಲಕೋಟೆಯ ಕನ್ನಡ ಶಾಲೆಗೆ ಮೇಷ್ಟರು ಬೇಕೆಂದು ಕೇಳುವ ನಾವು, ಖಾನಾಪುರದ ಮರಾಠಿ ಶಾಲೆಗೂ ಮೇಷ್ಟರು ಬೇಕೆಂದು ಕೇಳಬೇಕು. ಒಂದನ್ನು ಕೇಳಿ ಇನ್ನೊಂದಕ್ಕೆ ಬಾಯಿ ಮುಚ್ಚಿದರೆ ನಮ್ಮ ಬೇಡಿಕೆಗೆ ತೂಕವಿಲ್ಲ.

ಈ ಮಾತು ನಮ್ಮಲ್ಲೇ ಕೆಲವರಿಗೆ ರುಚಿಸದು. ಅಲ್ಲಿ ನಮ್ಮ ಕಂಡಕ್ಟರನಿಗೆ ಹೊಡೆದಾಗ ನೀವು ಇಲ್ಲಿ ಉಪದೇಶ ಮಾಡುತ್ತೀರಾ ಎಂದು ಕೇಳುವರು. ಹೊಡೆದವರಿಗೆ ಕಾನೂನಿನ ಪ್ರಕಾರ ಶಿಕ್ಷೆಯಾಗಲಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಚಿತ್ರದುರ್ಗದ ಮಸಿಯಿಂದ ಆ ಕಂಡಕ್ಟರನ ಒಂದು ಗಾಯವಾದರೂ ಮಾಯಿತೆ? ಅದರ ಬದಲು ಪುಣೆಯಲ್ಲಿ ನಿಂತ ಬಸ್ಸುಗಳಿಗೂ, ಅವುಗಳ ಡ್ರೈವರುಗಳಿಗೂ ಅಪಾಯ ಬಂತು. ಅಲ್ಲಿ ವೀರರಾದವರ ಸಾಲವನ್ನು ಇಲ್ಲಿ ತೀರಿಸಿದವರು ನಾವು.

ಆದ್ದರಿಂದ ನಮ್ಮ ಬೇಡಿಕೆಗಳನ್ನು ಸ್ಪಷ್ಟವಾಗಿ ಮುಂದಿಡುತ್ತೇವೆ. ಆರು ಮಂತ್ರಿಗಳ ಸಮಿತಿ ಕಾಗದದಲ್ಲಿ ಉಳಿಯದೆ ನಿಯಮಿತವಾಗಿ ಕೂಡಲಿ, ಕೂಡಿ ಆಡಿದ ಮಾತನ್ನು ಜನರಿಗೆ ತಿಳಿಸಲಿ. ಗಡಿಯ ಗಲಭೆಯಿಂದ ಬಸ್ಸು ನಿಲ್ಲಿಸುವ ಮೊದಲು ದಾರಿಯಲ್ಲಿರುವ ಪ್ರಯಾಣಿಕರನ್ನು ಊರು ಮುಟ್ಟಿಸುವ ಹೊಣೆಯನ್ನು ಎರಡು ಸರಕಾರಗಳೂ ಹೊರಲಿ. ಎರಡು ರಾಜ್ಯಗಳ ಸಾರಿಗೆ ನೌಕರರ ಸಂಘಗಳು ಒಂದು ಕಡೆ ಕೂಡಿ, ಒಬ್ಬ ಕಂಡಕ್ಟರನ ಮೇಲೆ ಬಿದ್ದ ಏಟು ಇಬ್ಬರ ಮೇಲೂ ಬಿದ್ದಂತೆ ಎಂದು ಸಾರಲಿ. ಅಂಥ ಸಭೆಗೆ ಚಾಪೆ ಹಾಸಲು, ಚಹಾ ಕೊಡಲು ನಮ್ಮ ಸಂಘ ಸಿದ್ಧವಿದೆ. ಹೋಟೆಲು ಮಾಲಿಕರಿಗೆ ಒಂದು ಮಾತು: ದಾರಿ ಮುಚ್ಚಿ ತಡವಾದವನ ಪಗಾರ ಕತ್ತರಿಸಬಾರದು.

ಉಳಿದದ್ದು ನಮ್ಮ ಕೈಯಲ್ಲಿದೆ. ದಿಲ್ಲಿಯಲ್ಲಿ ಕೂಡಿದಾಗ ಸುಳ್ಳು ಹೆಸರಿನ ಖಾತೆಗಳಿಂದ ಗಲಭೆ ಹಬ್ಬಿಸಿದ ವಿಷಯವೂ ಬಂದಿತ್ತು. ರಾತ್ರಿ ಹನ್ನೊಂದಕ್ಕೆ ಕೆಲಸ ಮುಗಿಸಿ ಮೊಬೈಲು ತೆಗೆದಾಗ ಬರುವ ಹೊಡೆದಾಟದ ಚಿತ್ರವನ್ನು ಹತ್ತು ಮಂದಿಗೆ ದಾಟಿಸುವ ಮೊದಲು, ನಾಳೆ ಇದೇ ದಾರಿಯಲ್ಲಿ ಊರಿಗೆ ಹೊರಟ ನಮ್ಮವನೊಬ್ಬನ ಮುಖವನ್ನು ನೆನೆಯಿರಿ. ಕರ್ನಾಟಕದಲ್ಲಿರುವ ಅಣ್ಣತಮ್ಮಂದಿರಿಗೆ ಬರೆಯಿರಿ, ಫೋನು ಮಾಡಿ ಹೇಳಿರಿ: ಅಲ್ಲಿಗೆ ಬರುವ ಮಹಾರಾಷ್ಟ್ರದ ಬಸ್ಸಿನ ಡ್ರೈವರನ ಮೈಮೇಲೆ ಕೈ ಬೀಳದಂತೆ ನೋಡಿಕೊಳ್ಳಿ, ಇಲ್ಲಿಯ ನಮ್ಮ ಕ್ಷೇಮ ಅವನ ಕ್ಷೇಮಕ್ಕೆ ಗಂಟು ಬಿದ್ದಿದೆ.

ತೀರ್ಪು ಯಾವಾಗ ಬರುವುದೋ, ಯಾರ ಪಾಲಿಗೆ ಬರುವುದೋ ಬರಲಿ. ಬಂದ ದಿನವೂ ಸ್ವಾರಗೇಟಿನಿಂದ ರಾತ್ರಿಯ ಬಸ್ಸು ಹೊರಡಬೇಕು, ಮರುದಿನ ಬೆಳಿಗ್ಗೆ ಹುಬ್ಬಳ್ಳಿ ಮುಟ್ಟಬೇಕು. ಈ ನವೆಂಬರಿನಲ್ಲಿ ನಮ್ಮ ಸಂಘದ ಕೆಲಸ ಇದೇ.