ವಕ್ರೀಭವನ ಎಂದರೆ ಸೊಟ್ಟ ಕಟ್ಟಡ

ವಿಜ್ಞಾನದ ಪಾರಿಭಾಷಿಕ ಪದಕ್ಕೆ ಸರಿಯಾದ ವ್ಯಾಖ್ಯೆ ಕೊಡುವ ಮೊದಲು ಮಕ್ಕಳಿಂದ ಒಂದಷ್ಟು ತಪ್ಪು ವ್ಯಾಖ್ಯೆಗಳನ್ನು ಬರೆಸಬೇಕು. ಈ ಮಾತನ್ನು ಪಾಠಯೋಜನೆಯಲ್ಲಿ ಬರೆದರೆ ವೀಕ್ಷಕರು ಕೆಂಪು ಪೆನ್ನು ಕೈಗೆತ್ತಿಕೊಳ್ಳುತ್ತಾರೆಂದು ಗೊತ್ತಿದ್ದೇ ಇಲ್ಲಿ ಬರೆಯುತ್ತಿದ್ದೇನೆ. ತಪ್ಪು ಎಂದರೆ ಅರಿಯದೆ ಆದ ತಪ್ಪಲ್ಲ. ಬೇಕೆಂದೇ ಕಟ್ಟಿದ, ನಗು ತರಿಸುವ, ಆದರೆ ಓದಲು ಥೇಟ್ ಪಠ್ಯಪುಸ್ತಕದಂತೆಯೇ ಇರುವ ತಪ್ಪು.

ಇದು ಯಾವ ಶಿಕ್ಷಣ ಮನೋವಿಜ್ಞಾನದ ಪುಸ್ತಕದಿಂದಲೂ ಬಂದದ್ದಲ್ಲ, ಮೊಬೈಲಿನಿಂದ ಬಂದದ್ದು. ಬಿ.ಎಸ್‌ಸಿ. ಓದುತ್ತಿದ್ದಾಗಿನಿಂದ ನಾವು ಏಳು ಜನ ಆನ್‌ಲೈನ್ ಗೆಳೆಯರು ಒಂದು ಪದದಾಟ ಆಡುತ್ತಾ ಬಂದಿದ್ದೇವೆ. ಏಳರಲ್ಲಿ ಇಬ್ಬರನ್ನು ನಾನು ಇಂದಿಗೂ ಮುಖತಃ ನೋಡಿಲ್ಲ. ರಾತ್ರಿ ಊಟವಾದ ಮೇಲೆ ಒಬ್ಬರು ಒಂದು ಕನ್ನಡ ಪದದ ಅಕ್ಷರಗಳನ್ನು ಕಲಸಿ ಹಾಕುತ್ತಾರೆ. ಉಳಿದವರು ಅದನ್ನು ಬಿಡಿಸಬೇಕು. ಬಿಡಿಸಿದ ಮೇಲೆ ಎಲ್ಲರೂ ಆ ಪದಕ್ಕೆ ಒಂದೊಂದು ಸುಳ್ಳು ಅರ್ಥ ಹುಟ್ಟಿಸಬೇಕು. ಬೆಳಿಗ್ಗೆ ಮತ ಎಣಿಕೆ. ಗೆದ್ದವರಿಗೆ ಮುಂದಿನ ಪದ ಕೊಡುವ ಹಕ್ಕು, ಅಷ್ಟೇ ಬಹುಮಾನ.

ಇಂಗ್ಲಿಷಿನಲ್ಲಿ ಈ ಆಟ ಸುಲಭ, ಬಿಡಿ ಅಕ್ಷರಗಳನ್ನು ಎತ್ತಿಟ್ಟರಾಯಿತು. ಕನ್ನಡದಲ್ಲಿ ಮೊದಲ ವಾರವೇ ಜಗಳವಾಯಿತು. ಕಲಸಬೇಕಾದ ತುಂಡು ಯಾವುದು? ‘ಕ್ರೀ’ ಒಂದೇ ತುಂಡೋ, ಅಥವಾ ಕಕಾರ, ರಕಾರ, ಈಕಾರ ಎಂದು ಮೂರೋ? ಇಂಗ್ಲಿಷಿಗಾಗಿ ಮಾಡಿದ ಒಂದು ಆ್ಯಪ್‌ಗೆ ಪದ ಕೊಟ್ಟರೆ ಅದು ಒತ್ತನ್ನು ಒಂದು ಕಡೆ, ದೀರ್ಘವನ್ನು ಇನ್ನೊಂದು ಕಡೆ ಎಸೆದು, ಓದಲಾಗದ ಚೂರುಗಳನ್ನು ಪರದೆಯ ಮೇಲೆ ಹರಡುತ್ತಿತ್ತು. ಕೊನೆಗೆ ಬಾಯಲ್ಲಿ ಒಂದೇ ಸಲಕ್ಕೆ ಬರುವುದು ಒಂದು ತುಂಡು ಎಂದು ತೀರ್ಮಾನವಾಯಿತು. ನಮ್ಮ ಹಿರಿಯರಿಗೆ ಇದು ಮೊದಲೇ ಗೊತ್ತಿತ್ತು. ‘ಮರಾ ಮರಾ’ ಎನ್ನುತ್ತಾ ಹೋದರೆ ‘ರಾಮ’ ಆಗುತ್ತದೆ ಎಂಬ ವಾಲ್ಮೀಕಿಯ ಕಥೆ ನಿಂತಿರುವುದು ಇದೇ ಲೆಕ್ಕದ ಮೇಲೆ. ನದಿ ತಿರುಗಿದರೆ ದಿನ, ಸದಾ ತಿರುಗಿದರೆ ದಾಸ, ರಾಜ ತಿರುಗಿದರೆ ಜರಾ.

ಕನ್ನಡ ಮಾಧ್ಯಮದ ವಿಜ್ಞಾನ ತರಗತಿಗೆ ಈ ನಿಯಮ ನೇರವಾಗಿ ಬೇಕಾಗುತ್ತದೆ. ‘ದ್ಯುತಿಸಂಶ್ಲೇಷಣೆ’ಯನ್ನು ರಟ್ಟಿನ ಆರು ಚೀಟಿಗಳಲ್ಲಿ ಬರೆದು ಕಲಸಿ ಗುಂಪಿಗೊಂದರಂತೆ ಕೊಟ್ಟು ನೋಡಿ. ನೋಟ್‌ಬುಕ್ಕಿನಲ್ಲಿ ವರ್ಷವಿಡೀ ‘ಸಂಸ್ಲೇಷಣೆ’ ಎಂದು ಬರೆದವರು ‘ಶ್ಲೇ’ ಎಂಬ ಚೀಟಿಯನ್ನು ಕೈಯಲ್ಲಿ ಹಿಡಿದು, ಇದು ಎಲ್ಲಿ ಕೂರುತ್ತದೆ ಎಂದು ಹುಡುಕುತ್ತಾರೆ. ಆದರೆ ಅಕ್ಷರ ಜೋಡಿಸುವ ಭಾಗಕ್ಕೆ ನಾನು ಕೊಡುವ ಬೆಲೆ ಇಷ್ಟೇ. ಅದು ಕಾಗುಣಿತಕ್ಕೆ ಒಳ್ಳೆಯದು, ಕೈಗೆ ಕೆಲಸ ಕೊಡುತ್ತದೆ. ಗಡಿಯಾರ ಹಿಡಿದು ನಿಂತರೆ ಮಾತ್ರ ಓದುವುದರಲ್ಲಿ ನಿಧಾನವಿರುವ ಮಗುವಿಗೆ ಅವಮಾನವಾಗುತ್ತದೆ. ಆದ್ದರಿಂದ ಸ್ಪರ್ಧೆ ಬೇಡ, ಗುಂಪಿನಲ್ಲಿ ಮಾಡಿಸಿ ಮುಂದೆ ಹೋಗಬೇಕು. ಆಟದ ತಿರುಳಿರುವುದು ಎರಡನೆಯ ಭಾಗದಲ್ಲಿ.

ಹತ್ತನೇ ತರಗತಿಗೆ ಬೆಳಕಿನ ಪಾಠ. ‘ನ, ಭ, ವ, ಕ್ರೀ, ವ’ ಎಂದು ಕಪ್ಪುಹಲಗೆಯ ಮೇಲೆ ಬರೆದೆ. ಪದ ಸಿಕ್ಕಿತು. ಪುಸ್ತಕ ಮುಚ್ಚಿಸಿ, ಪ್ರತಿ ಗುಂಪೂ ಒಂದು ಸುಳ್ಳು ವ್ಯಾಖ್ಯೆ ಬರೆಯಲಿ, ಕೇಳಿದವರು ನಂಬುವಂತಿರಲಿ ಎಂದೆ. ಹಿಂದಿನ ಬೆಂಚಿನ ಗುಂಪು ಬರೆದದ್ದು: ‘ವಕ್ರೀಭವನ: ಗುತ್ತಿಗೆದಾರರು ಸಿಮೆಂಟ್ ಉಳಿಸಿದಾಗ ಉಂಟಾಗುವ ಸೊಟ್ಟ ಕಟ್ಟಡವನ್ನು ವಕ್ರೀಭವನ ಎನ್ನುವರು.’

ತರಗತಿ ನಕ್ಕಿತು, ನಾನೂ ನಕ್ಕೆ. ಆದರೆ ನಗು ಇಳಿದ ಮೇಲೆ ಸಿಕ್ಕ ಅವಕಾಶ ಯಾವ ಪೀಠಿಕಾ ಪ್ರಶ್ನೆಯಿಂದಲೂ ಸಿಗುವಂಥದ್ದಲ್ಲ. ಆ ಗುಂಪು ಪದವನ್ನು ಸರಿಯಾದ ಜಾಗದಲ್ಲೇ ಒಡೆದಿತ್ತು, ವಕ್ರ ಮತ್ತು ಭವನ. ಹಾಗಾದರೆ ಬೆಳಕಿನ ಪಾಠದಲ್ಲಿ ಭವನಕ್ಕೇನು ಕೆಲಸ? ‘ಭವನ’ ಎಂದರೆ ಆಗುವುದು, ಇರುವುದು. ಜನ ಇರುವ ಜಾಗವಾದ್ದರಿಂದಲೇ ಕಟ್ಟಡವೂ ಭವನ. ವಕ್ರವಲ್ಲದ್ದು ವಕ್ರವಾಗುವುದು ವಕ್ರೀಭವನ. ಕೂಡಲೇ ಒಬ್ಬಳು, “ಹಾಗಾದ್ರೆ ಘನೀಭವನ ಅಂದ್ರೆ ಗಟ್ಟಿ ಕಟ್ಟಡ ಅಲ್ವಾ ಮಿಸ್?” ಎಂದಳು. ಎಂಟನೇ ತರಗತಿಯಿಂದ ಬಾಯಿಪಾಠವಾಗಿದ್ದ ಇನ್ನೊಂದು ಪದ ಅಲ್ಲೇ ಬಿಚ್ಚಿಕೊಂಡಿತು. ಇನ್ನೊಬ್ಬ ಸಾಂದ್ರೀಕರಣದಲ್ಲಿ ಭವನದ ಬದಲು ‘ಕರಣ’ ಯಾಕಿದೆ ಎಂದು ಕೇಳಿದ. ಅದಕ್ಕೆ ಉತ್ತರವಾಗಿ ಕನ್ನಡ ಮೇಷ್ಟ್ರನ್ನು ಒಂದು ದಿನ ವಿಜ್ಞಾನದ ಪಿರಿಯಡ್ಡಿಗೆ ಕರೆಯಬೇಕೆಂಬುದು ನನ್ನ ಆಸೆ, ಇನ್ನೂ ಈಡೇರಿಲ್ಲ.

ಪದ ಬಿಡಿಸಿದ್ದರಿಂದ ಎಲ್ಲವೂ ಸರಿಹೋಯಿತು ಎನ್ನುತ್ತಿಲ್ಲ. ‘ವಕ್ರ’ ಎಂದ ಕೂಡಲೇ ಗಾಜಿನ ಚಪ್ಪಡಿಯ ಚಿತ್ರದಲ್ಲಿ ಕಿರಣವನ್ನು ಬಿಲ್ಲಿನಂತೆ ಬಾಗಿಸಿ ಎಳೆದವರು ಮೂವರು. ಗಾಜಿನೊಳಗೆ ಬೆಳಕು ನೇರವಾಗಿಯೇ ಹೋಗುತ್ತದೆ, ಎರಡು ಮಾಧ್ಯಮಗಳು ಸೇರುವ ಅಂಚಿನಲ್ಲಿ ಮಾತ್ರ ದಿಕ್ಕು ಬದಲಿಸುತ್ತದೆ ಎಂಬುದನ್ನು ಗುಂಡುಸೂಜಿ ಚುಚ್ಚಿ ಮತ್ತೆ ತೋರಿಸಬೇಕಾಯಿತು. ಆದರೆ ಆ ಬಾಗಿದ ಗೆರೆ ಅವರ ತಲೆಯಲ್ಲಿತ್ತು ಎಂದು ನನಗೆ ತಿಳಿದದ್ದೇ ಈ ದಾರಿಯಿಂದ.

ಜಡತ್ವದ ಪ್ರಸಂಗ ಇದಕ್ಕಿಂತ ಮುಖ್ಯವಾದದ್ದು. ಒಂಬತ್ತನೇ ತರಗತಿಯವರ ಸುಳ್ಳು ವ್ಯಾಖ್ಯೆಗಳು: ‘ಸೋಮವಾರ ಮೊದಲ ಪಿರಿಯಡ್ಡಿನಲ್ಲಿ ಇಡೀ ತರಗತಿ ತೋರಿಸುವ ಗುಣ’, ‘ಅಲಾರಂ ಹೊಡೆದರೂ ಅಮ್ಮ ಬಂದು ಕಂಬಳಿ ಎಳೆಯುವವರೆಗೆ ಏಳದಿರುವ ಕಾಯದ ಸ್ವಭಾವ’. ಎರಡನೆಯದು ಸುಳ್ಳೇ ಅಲ್ಲ ಎಂದು ಮಕ್ಕಳೇ ವಾದಿಸಿದರು. ಕಾಯ ಇದೆ, ನಿಶ್ಚಲ ಸ್ಥಿತಿ ಇದೆ, ಬಾಹ್ಯ ಬಲವಾಗಿ ಅಮ್ಮ ಇದ್ದಾರೆ. ನಾನು ಆ ದಿನದ ಚೀಟಿಗಳನ್ನೆಲ್ಲ ಮನೆಗೆ ತಂದು ಓದಿದೆ. ಒಂದರಲ್ಲೂ ಚಲನೆ ಇರಲಿಲ್ಲ. ಮಲಗಿದವರು, ಕುಳಿತವರು, ಏಳದ ಎಮ್ಮೆ, ಸ್ಟಾರ್ಟ್ ಆಗದ ಬೈಕು. ಓಡುತ್ತಿರುವುದು ಓಡುತ್ತಲೇ ಇರಬಯಸುವುದೂ ಜಡತ್ವವೇ ಎಂಬ ಅರ್ಧ ಭಾಗ ಎಲ್ಲೂ ಇಲ್ಲ. ಕನ್ನಡದಲ್ಲಿ ‘ಜಡ’ ಎಂದರೆ ಆಲಸ್ಯ ಎಂಬ ಅರ್ಥ ಎಷ್ಟು ಗಟ್ಟಿಯಾಗಿದೆ ಎಂದರೆ ಪದವೇ ಮಕ್ಕಳನ್ನು ಒಂದು ಕಡೆಗೆ ತಳ್ಳುತ್ತಿದೆ. ಇದೇ ಮಕ್ಕಳು ಕಿರುಪರೀಕ್ಷೆಯಲ್ಲಿ ‘ನಿಶ್ಚಲ ಸ್ಥಿತಿ ಅಥವಾ ಏಕರೂಪ ಚಲನೆಯ ಸ್ಥಿತಿ’ ಎಂದು ಚೆನ್ನಾಗಿ ಬರೆದು ಪೂರ್ಣ ಅಂಕ ಪಡೆದಿದ್ದರು. ಬಸ್ಸು ಬ್ರೇಕ್ ಹಾಕಿದಾಗ ನಿಂತವರು ಮುಂದಕ್ಕೆ ಬೀಳುವ ಉದಾಹರಣೆಯನ್ನು ನಾನು ಮರುದಿನ ಬೇರೆ ರೀತಿಯಲ್ಲಿ, ಹೆಚ್ಚು ಹೊತ್ತು ತೆಗೆದುಕೊಂಡು ಮಾಡಿದೆ.

ಅಂಕ ಸಿಕ್ಕಿತು, ಅರ್ಥ ಆಗಿರಲಿಲ್ಲ ಎಂಬುದನ್ನು ನಾವೆಲ್ಲ ಹೇಳುತ್ತಲೇ ಇರುತ್ತೇವೆ. ಇಲ್ಲಿ ನಾನು ಹೇಳಬೇಕೆಂದಿರುವುದು ಅದಕ್ಕಿಂತ ಸ್ವಲ್ಪ ಮುಂದಿನದು. ಆಟದ ಕೊನೆಯ ಸುತ್ತಿನಲ್ಲಿ ಮಕ್ಕಳ ಸುಳ್ಳು ವ್ಯಾಖ್ಯೆಗಳ ನಡುವೆ ಪುಸ್ತಕದ ನಿಜವಾದ ವ್ಯಾಖ್ಯೆಯನ್ನೂ ಸೇರಿಸಿ ಓದುತ್ತೇನೆ, ನಿಜ ಯಾವುದೆಂದು ಅವರು ಆರಿಸಬೇಕು. ಮೊದಲ ದಿನ ನಿಜವನ್ನು ಗುರುತಿಸುವುದು ಸುಲಭ, ಏಕೆಂದರೆ ಅದೊಂದೇ ಪುಸ್ತಕದ ಧ್ವನಿಯಲ್ಲಿರುತ್ತದೆ. ಮೂರನೇ ದಿನಕ್ಕೆ ಮಕ್ಕಳು ಆ ಧ್ವನಿಯನ್ನು ಕಲಿತುಬಿಡುತ್ತಾರೆ. ‘ಪತ್ರಹರಿತ್ತು: ಅಂಚೆಯಣ್ಣನ ಚೀಲದಲ್ಲಿ ಘರ್ಷಣೆಗೆ ಒಳಗಾದ ಪತ್ರವು ವಿಳಾಸದಾರರನ್ನು ತಲುಪುವ ಮೊದಲೇ ಹೊಂದುವ ಸ್ಥಿತಿಯನ್ನು ಪತ್ರಹರಿತ್ತು ಎನ್ನುವರು.’ ಇದು ನಗೆಹನಿ. ಆದರೆ ವಾಕ್ಯ ನೋಡಿ. ವರ್ಗ ಇದೆ, ಅದನ್ನು ಬೇರ್ಪಡಿಸುವ ಲಕ್ಷಣ ಇದೆ, ‘ಎನ್ನುವರು’ ಇದೆ. ವ್ಯಾಖ್ಯೆಯೊಂದಕ್ಕೆ ಬೇಕಾದ ಮೂಳೆಗಳೆಲ್ಲ ಇವೆ, ಜೀವವಿಲ್ಲ. ‘ಪತ್ರ’ ಎಂದರೆ ಎಲೆ, ‘ಹರಿತ್’ ಎಂದರೆ ಹಸಿರು ಎಂದು ಹೇಳಿದ ದಿನ ಆ ಹುಡುಗನ ಮುಖ ಅರಳಿತು. ಅದಕ್ಕಿಂತ ಮುಖ್ಯವಾಗಿ, ಅರ್ಥವೇ ಇಲ್ಲದೆ ಸರಿಯಾಗಿ ಕೇಳಿಸುವ ವಾಕ್ಯವನ್ನು ತಾನೇ ಬರೆಯಬಲ್ಲೆ ಎಂದು ಅವನಿಗೆ ತಿಳಿಯಿತು. ಹಾಗೆ ತಿಳಿದವನು ಗೈಡಿನ ವಾಕ್ಯವನ್ನೂ ಅನುಮಾನದಿಂದಲೇ ನೋಡುತ್ತಾನೆ. ‘ವ್ಯಾಖ್ಯಾನಿಸಿ’ ಎಂಬ ಒಂದು ಅಂಕದ ಪ್ರಶ್ನೆ ಇದನ್ನು ಅಳೆಯುವುದಿಲ್ಲ, ನಾವು ಬರೆಯುವ ವರ್ತನಾ ಉದ್ದೇಶಗಳ ಪಟ್ಟಿಯಲ್ಲೂ ಇದಕ್ಕೆ ಜಾಗವಿಲ್ಲ.

ನನ್ನ ವೀಕ್ಷಣಾ ಪುಸ್ತಕದಲ್ಲಿ ಒಬ್ಬರು ‘ಕಾಲಹರಣ’ ಎಂದು ಬರೆದರು, ಇನ್ನೊಬ್ಬರು ‘ವಿಷಯದ ಗಾಂಭೀರ್ಯ ಕಾಯ್ದುಕೊಳ್ಳಿ’ ಎಂದರು. ಕಾಲದ ಲೆಕ್ಕ ಸರಳ. ನಲವತ್ತು ನಿಮಿಷದ ಪಿರಿಯಡ್ಡಿನಲ್ಲಿ ಹತ್ತು ನಿಮಿಷ, ಅದೂ ಪ್ರತಿದಿನ ಅಲ್ಲ. ಗಾಂಭೀರ್ಯದ ವಿಷಯಕ್ಕೆ ಬಂದರೆ, ನಾವೇ ಕಲಿಸುವ ಹುಕ್ ನಿಯಮ ಮೊದಲು ಹೊರಬಂದದ್ದು ಕಲಸಿದ ಅಕ್ಷರಗಳ ರೂಪದಲ್ಲಿ. 1676ರಲ್ಲಿ ರಾಬರ್ಟ್ ಹುಕ್ ತನ್ನ ಶೋಧದ ಲ್ಯಾಟಿನ್ ವಾಕ್ಯದ ಹದಿನಾಲ್ಕು ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲಿ ಇಟ್ಟು ಅಚ್ಚು ಹಾಕಿಸಿದ. 1678ರಲ್ಲಿ ತಾನೇ ಅದನ್ನು ಬಿಡಿಸಿದ: ಹಿಗ್ಗುವಿಕೆ ಎಷ್ಟೋ ಬಲವೂ ಅಷ್ಟು. ಗುಟ್ಟು ಬಿಡದೆ ‘ನಾನೇ ಮೊದಲು’ ಎನ್ನಲು ಆ ಕಾಲದವರು ಹೀಗೆ ಮಾಡುತ್ತಿದ್ದರು. ಗೆಲಿಲಿಯೊ 1610ರಲ್ಲಿ ಶನಿಯ ಬಗ್ಗೆ ಕಳಿಸಿದ ಇಂಥದೇ ಒಗಟನ್ನು ಕೆಪ್ಲರ್ ಮಂಗಳಕ್ಕೆ ಎರಡು ಚಂದ್ರರಿದ್ದಾರೆ ಎಂದು ಬಿಡಿಸಿದ. ಉತ್ತರ ತಪ್ಪು. ಆದರೆ 1877ರಲ್ಲಿ ಅಸಾಫ್ ಹಾಲ್ ಮಂಗಳಕ್ಕೆ ನಿಜವಾಗಿಯೂ ಎರಡು ಚಂದ್ರರನ್ನು ಕಂಡುಹಿಡಿದ! ಇನ್ನು ಹಾಸ್ಯದ ನಿಘಂಟು ಬರೆಯುವುದು ಮೇಷ್ಟ್ರುಗಳ ಘನತೆಗೆ ಕಡಿಮೆ ಎನ್ನುವುದಾದರೆ, ಮೈಸೂರಿನಲ್ಲಿ ಇತಿಹಾಸ ಕಲಿಸುತ್ತಿದ್ದ ನಾ. ಕಸ್ತೂರಿಯವರೇ ‘ಅನರ್ಥಕೋಶ’ ಬರೆದವರು. ಬೀಚಿಯವರ ‘ತಿಮ್ಮಿಕ್ಷನರಿ’ ನಮ್ಮ ಗೆಳೆಯರ ಗುಂಪಿನಲ್ಲಿ ಈಗಲೂ ಪ್ರಮಾಣ ಗ್ರಂಥ.

ಗಂಭೀರವಾಗಿ ತೆಗೆದುಕೊಳ್ಳಬೇಕಾದ ಆಕ್ಷೇಪಣೆ ಬೇರೆ ಇದೆ, ಅದನ್ನು ಎತ್ತಿದವರು ನಮ್ಮ ಬೋಧನಾ ವಿಧಾನದ ಮೇಡಂ: ತಪ್ಪು ಮನಸ್ಸಿನಲ್ಲಿ ಉಳಿದುಬಿಟ್ಟರೆ? ಸೊಟ್ಟ ಕಟ್ಟಡ ಯಾರ ಉತ್ತರಪತ್ರಿಕೆಗೂ ಹೋಗುವುದಿಲ್ಲ, ಅದು ತಪ್ಪೆಂದು ಬರೆದವರಿಗೇ ಗೊತ್ತು. ಅಪಾಯವಿರುವುದು ನಿಜಕ್ಕೆ ತೀರ ಹತ್ತಿರವಿರುವ ಸುಳ್ಳಿನಲ್ಲಿ. ಆದ್ದರಿಂದ ತೂಕ, ಕೆಲಸ, ಉಷ್ಣದಂಥ ದಿನಬಳಕೆಯ ಪದಗಳಲ್ಲಿ ಈ ಆಟ ಆಡಿಸಲೇಬಾರದು ಎಂಬುದು ನನ್ನ ಅಭಿಪ್ರಾಯ. ಅಂಗಡಿಯ ತೂಕಕ್ಕೂ ಭೌತವಿಜ್ಞಾನದ ತೂಕಕ್ಕೂ ಮಕ್ಕಳ ತಲೆಯಲ್ಲಿ ಮೊದಲೇ ಗೊಂದಲವಿದೆ, ಅದರ ಮೇಲೆ ನಾವು ಇನ್ನೊಂದು ಸುಳ್ಳು ಹೇರಬಾರದು. ವಕ್ರೀಭವನ, ಪತ್ರಹರಿತ್ತು, ಪ್ರತ್ಯಾಮ್ಲ, ಮಸೂರ ಇವು ಮಗುವಿಗೆ ಹೊಸ ಪದಗಳು, ಆಟಕ್ಕೆ ಒದಗುತ್ತವೆ. (‘ಮಸೂರ: ಬೋರ್ಡಿನ ಬಣ್ಣ ಹೋದ ಮೈಸೂರು’ ಎಂಬುದಕ್ಕೆ ನಮ್ಮ ಗುಂಪಿನಲ್ಲಿ ಆರೂ ಮತ ಬಿದ್ದಿದ್ದವು. ನಿಜದಲ್ಲಿ ಅದು ಮಸೂರ ಬೇಳೆ; ಇಂಗ್ಲಿಷಿನ ‘ಲೆನ್ಸ್’ ಕೂಡ ಲ್ಯಾಟಿನ್ನಿನಲ್ಲಿ ಅದೇ ಬೇಳೆಯ ಹೆಸರು.) ಗಂಟೆ ಹೊಡೆಯುವ ಮೊದಲು ಹಲಗೆಯ ಮೇಲಿನ ಸುಳ್ಳುಗಳನ್ನು ಮಕ್ಕಳಿಂದಲೇ ಒರೆಸಿಸಿ, ಉಳಿದ ಒಂದನ್ನು ಮಾತ್ರ ನೋಟ್‌ಬುಕ್ಕಿಗೆ ಇಳಿಸಬೇಕು. ಮಕ್ಕಳ ಹೆಸರು, ಜಾತಿ, ಮೈಬಣ್ಣ ಸೇರಿದ ವ್ಯಾಖ್ಯೆ ಬಂದರೆ ಓದಬಾರದು. ಒಂದು ಸಲ ಬಂದಿತ್ತು, ಓದದೆ ಮಡಚಿಟ್ಟೆ.

ಕಾಲೇಜಿನಿಂದ ನಾನು ಕೇಳುವುದು ದೊಡ್ಡದೇನಲ್ಲ. ಈ ಚಟುವಟಿಕೆಯನ್ನು ಪಾಠಯೋಜನೆಯ ‘ಪೀಠಿಕೆ’ಯಲ್ಲಿ ತೋರಿಸಿದರೆ ಮಾತ್ರ ಈಗ ಒಪ್ಪಿಗೆ ಸಿಗುತ್ತದೆ, ಐದು ನಿಮಿಷದ ಮನರಂಜನೆ ಎಂಬ ಲೆಕ್ಕದಲ್ಲಿ. ಇದನ್ನು ಮೌಲ್ಯಮಾಪನದ ಅಂಕಣದಲ್ಲಿ ಬರೆಯಲು ಬಿಡಿ. ಮಕ್ಕಳ ಚೀಟಿಗಳನ್ನು ಅಂಕ ಹಾಕದೆ ಪಾಠಯೋಜನೆಗೆ ಲಗತ್ತಿಸುತ್ತೇವೆ, ವೀಕ್ಷಕರು ನಮ್ಮ ಕಪ್ಪುಹಲಗೆ ಬರಹ ನೋಡುವಂತೆ ಅವನ್ನೂ ಓದಲಿ. ಜಡತ್ವದ ಚೀಟಿಗಳು ನನ್ನ ಬಳಿ ಇನ್ನೂ ಇವೆ. ಅದೇ ಘಟಕ ಬಂದಿರುವ ಸಹಪಾಠಿಗಳು ಕೇಳಿದರೆ ಕೊಡುತ್ತೇನೆ. ಆ ಏಳದ ಎಮ್ಮೆಯ ಚೀಟಿಯೊಂದನ್ನು ಮಾತ್ರ ವಾಪಸ್ ಕೊಡಬೇಕು.